ಆಯಿಯ ಕೈಚೀಲ

ಬಗದಲ್ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತಿದ್ದ ಆಯಿ ಕೈಚೀಲ ಬಿಚ್ಚಿ ಒಂದೊಂದೇ ಕಾಗದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಬಟ್ಟೆ ಅಂಗಡಿಯವರು ಕೊಟ್ಟ ಹಳೆಯ ಚೀಲ ಅದು. ಹರಿದ ಹಿಡಿಕೆಗೆ ಸೀರೆಯ ಅಂಚು ಹೊಲಿದಿದ್ದರು. ಮಳೆ ತಾಗದಿರಲೆಂದು ಒಳಗೆ ಮತ್ತೊಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಮೊಮ್ಮಗನ ಆಧಾರ್ ಕಾರ್ಡು, ತಮ್ಮ ರೇಷನ್ ಕಾರ್ಡಿನ ಮೂರು ಜೆರಾಕ್ಸ್, ಶಾಲೆಯ ಹೆಡ್‌ಮಾಸ್ತರರು ಬರೆದುಕೊಟ್ಟ ವ್ಯಾಸಂಗ ಪತ್ರ, ಬ್ಯಾಂಕ್ ಪಾಸ್‌ಬುಕ್ಕು. ಎಲ್ಲಕ್ಕೂ ಕೆಳಗೆ, ನಾಲ್ಕು ಮಡಿಕೆ ಮಾಡಿದ, ಪುಣೆಯಿಂದ ತರಿಸಿದ ಅಳಿಯನ ಮರಣ ಪ್ರಮಾಣಪತ್ರ. ಅದು ಮರಾಠಿಯಲ್ಲಿತ್ತು. ಮಡಿಕೆ ಬಿದ್ದ ಜಾಗದಲ್ಲಿ ಅಕ್ಷರ ಅಳಿಸುತ್ತ ಬಂದಿತ್ತು.

ಎಂಟು ವರ್ಷದ ಹುಡುಗ ಶಾಲೆಯ ಅಂಗಿಯಲ್ಲೇ ಪಕ್ಕದಲ್ಲಿ ಕುಳಿತು ಬಿಸ್ಕೀಟಿನ ಪುಡಿಯನ್ನು ಇರುವೆಗಳಿಗೆ ಹಾಕುತ್ತಿದ್ದ. ಬೀದರಿಗೆ ಹೋಗಲು ಅವನಿಗೆ ಅವತ್ತು ಶಾಲೆ ತಪ್ಪಿತ್ತು, ಆಯಿಗೆ ಕೂಲಿ ತಪ್ಪಿತ್ತು.

“ಇವನನ್ನ ನೀವೇ ಸಾಕ್ತೀರೇನ್ ಆಯಿ?” ಎಂದು ಕೇಳಿದೆ.

“ಸಾಕೋದೇನ್ ಬಂತ್ರಿ, ನಮ್ಮ ಕೂಸೇ ಅದ” ಎಂದರು.

ಆ ಮಾತು ಕೇಳಿದಾಗಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಬೀದರ್ ಜಿಲ್ಲೆಯ ಹಳ್ಳಿಹಳ್ಳಿಯಲ್ಲೂ ಇಂಥ ಆಯಿಯರಿದ್ದಾರೆ, ಮುತ್ಯಾಗಳಿದ್ದಾರೆ, ಸೋದರಮಾವಂದಿರು, ಚಿಗವ್ವಂದಿರು ಇದ್ದಾರೆ. ತಂದೆ ತಾಯಿ ತೀರಿಕೊಂಡ, ಬಿಟ್ಟುಹೋದ, ದೂರದಲ್ಲಿ ದುಡಿಯುವ ಮಕ್ಕಳನ್ನು ಅವರು ಸದ್ದಿಲ್ಲದೆ ಬೆಳೆಸುತ್ತಿದ್ದಾರೆ. ತಾವು ಸಾಕುತ್ತಿದ್ದೇವೆ ಎಂದು ಹೇಳಿಕೊಳ್ಳುವುದಕ್ಕೂ ಅವರಿಗೆ ಸಂಕೋಚ. ಅನಾಥ ಮಕ್ಕಳ ಬಗ್ಗೆ ನಾವು ಮರುಗುತ್ತೇವೆ, ಹಬ್ಬಕ್ಕೆ ಬಾಲಮಂದಿರಕ್ಕೆ ಹಣ್ಣು ಹಂಚಿ ಬರುತ್ತೇವೆ. ಆ ಮಕ್ಕಳನ್ನು ಹೊತ್ತ ಕೈಗಳಿಗೆ ಯಾರು ಆಸರೆ?

ಈ ಭಾಗದ ವಲಸೆ ಹೊಸದಲ್ಲ. ತೊಗರಿ, ಸೋಯಾ, ಜೋಳದ ಹೊಲದಲ್ಲಿ ಕೆಲಸ ಮುಗಿದ ಮೇಲೆ ಹೈದರಾಬಾದು, ಪುಣೆ, ಮುಂಬೈ ಕಡೆ ಕಟ್ಟಡದ ಕೆಲಸಕ್ಕೆ, ಕಬ್ಬು ಕಡಿಯಲು ಹೊರಡುವ ಸಂಸಾರಗಳು ಬಗದಲ್ ಹೋಬಳಿಯಲ್ಲೂ ಇವೆ, ಔರಾದ್, ಭಾಲ್ಕಿ ತಾಲ್ಲೂಕುಗಳಲ್ಲೂ ಇವೆ. ಶಾಲೆಗೆ ಹೋಗುವ ಮಕ್ಕಳು ಆಯಿಯ ಬಳಿ ಉಳಿಯುತ್ತವೆ. ಅಲ್ಲಿ ಕೆಲಸದ ಜಾಗದಲ್ಲಿ ಏನಾದರೂ ಅನಾಹುತವಾದರೆ, ನಾಲ್ಕು ತಿಂಗಳ ಮಟ್ಟಿಗೆ ಬಿಟ್ಟುಹೋದ ಮಗು ಹದಿನಾಲ್ಕು ವರ್ಷ ಆಯಿಯ ಮನೆಯಲ್ಲೇ ಉಳಿಯುತ್ತದೆ. ಅಂಥ ಮಗುವಿಗೆ ನಮ್ಮ ಕಡೆ ಒಂದು ಹೆಸರಿದೆ: ಪರದೇಶಿ ಕೂಸು. ಹುಟ್ಟಿದ ಊರಲ್ಲೇ, ತನ್ನ ತಾಯಿಯ ತಾಯಿ ಮಾಡಿದ ರೊಟ್ಟಿ ತಿನ್ನುತ್ತಿರುವ ಮಗುವನ್ನು ಪರದೇಶಿ ಎನ್ನುತ್ತೇವೆ. ಯಾರೂ ಕೆಟ್ಟ ಮನಸ್ಸಿನಿಂದ ಅನ್ನುವುದಿಲ್ಲ, ಅಯ್ಯೋ ಪಾಪ ಎಂದೇ ಅನ್ನುತ್ತಾರೆ. ಆದರೆ ನೀರಿನ ನಳದ ಹತ್ತಿರ, ಕಿರಾಣಿ ಅಂಗಡಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ದಿನಕ್ಕೆ ನಾಲ್ಕು ಸಲ ಅದನ್ನೇ ಕೇಳುವ ಮಗುವಿಗೆ ಅದು ಹೆಸರಿನಷ್ಟೇ ಅಂಟಿಕೊಳ್ಳುತ್ತದೆ.

ಕಾನೂನು ಈ ಮಗುವನ್ನು ಹೇಗೆ ನೋಡುತ್ತದೆ? ಇಲ್ಲಿ ಮೂರು ಮಾತುಗಳು ಜನರ ಬಾಯಲ್ಲಿ ಒಂದಕ್ಕೊಂದು ಕಲಸಿಹೋಗಿವೆ. ಬಿಡಿಸಿ ಹೇಳಬೇಕು.

ದತ್ತು ಎಂದರೆ ಮಗು ಕಾಯಂ ಆಗಿ ಹೊಸ ತಂದೆ ತಾಯಿಯ ಮಗುವಾಗುವುದು. ಹೆಸರು, ಆಸ್ತಿಯ ಹಕ್ಕು, ಸಂಬಂಧ ಎಲ್ಲ ಬದಲಾಗುತ್ತದೆ. ಪೋಷಕತ್ವ ಹಾಗಲ್ಲ. ಕಚೇರಿಯಲ್ಲಿ ಫಾಸ್ಟರ್ ಕೇರ್ ಅಂದರೇನೇ ಬೇಗ ತಿಳಿಯುತ್ತದೆ. ಮಗು ತನ್ನ ಹೆತ್ತವರ ಹೆಸರನ್ನೇ ಇಟ್ಟುಕೊಂಡು, ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಬೇರೊಂದು ಕುಟುಂಬದಲ್ಲಿ ಬೆಳೆಯುತ್ತದೆ. 2015ರ ಬಾಲ ನ್ಯಾಯ ಕಾಯ್ದೆಯ 44ನೇ ಕಲಂ ಹೇಳುವುದು ಇದನ್ನು. ಒಡಹುಟ್ಟಿದವರನ್ನು ಸಾಧ್ಯವಾದಷ್ಟೂ ಒಂದೇ ಮನೆಯಲ್ಲಿಡಬೇಕು, ಸಾಕುವ ಕುಟುಂಬಕ್ಕೆ ಸರ್ಕಾರ ತಿಂಗಳ ಹಣ ಕೊಡಬೇಕು, ಸಮಿತಿ ತಿಂಗಳಿಗೊಮ್ಮೆ ಮಗು ಹೇಗಿದೆ ಎಂದು ನೋಡಬೇಕು ಎಂದೂ ಅದರಲ್ಲೇ ಇದೆ. ಮೂರನೆಯದು 45ನೇ ಕಲಮಿನ ಪ್ರಾಯೋಜಕತ್ವ. ಮಗು ಈಗಾಗಲೇ ಇರುವ ಮನೆಯಲ್ಲೇ, ವಿಧವೆ ತಾಯಿಯ ಬಳಿಯೋ ಅಜ್ಜಿಯ ಬಳಿಯೋ, ಉಳಿಯಲಿ ಎಂದು ಕೊಡುವ ನೆರವು ಇದು. ಬಗದಲ್ಲಿನ ಆಯಿ ಚೀಲ ಹಿಡಿದು ಹೊರಟಿದ್ದು ಈ ಮೂರನೆಯದಕ್ಕೆ. ಅವರಿಗೆ ಆ ಹೆಸರು ಗೊತ್ತಿರಲಿಲ್ಲ. “ಕೂಸಿನ ರೊಕ್ಕ” ಎನ್ನುತ್ತಿದ್ದರು.

ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವಕ್ಕೂ ಪೋಷಕತ್ವಕ್ಕೂ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ. ಮೊದಲು ಅದು 2,000 ಇತ್ತು. ಪ್ರಾಯೋಜಕತ್ವ ಪಡೆಯಲು ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಾದರೆ 72,000, ಉಳಿದೆಡೆ 96,000 ರೂಪಾಯಿ ಮೀರಬಾರದು. ಇಬ್ಬರೂ ಹೆತ್ತವರಿಲ್ಲದೆ ಬಂಧುಗಳ ಮನೆಯಲ್ಲಿರುವ ಮಕ್ಕಳು, ವಿಧವೆ ಅಥವಾ ಗಂಡ ಬಿಟ್ಟ ತಾಯಿಯ ಮಕ್ಕಳು, ಹೆತ್ತವರು ಪ್ರಾಣಾಂತಿಕ ಕಾಯಿಲೆಯಲ್ಲಿರುವ ಮಕ್ಕಳು ಇದಕ್ಕೆ ಅರ್ಹರು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮನೆ ನೋಡಿ ವರದಿ ಕೊಡುತ್ತದೆ, ಅನುಮೋದನಾ ಸಮಿತಿ ತೀರ್ಮಾನಿಸುತ್ತದೆ.

ಕಾಗದದ ಮೇಲೆ ಇದಿಷ್ಟೇ. ಆದರೆ ಆ ಕಾಗದ ಹೊಂದಿಸುವುದೇ ಒಂದು ಬಾಳುವೆ. ಮರಣ ನೋಂದಣಿ ಆಗುವುದು ಸತ್ತ ಊರಿನಲ್ಲಿ. ಪುಣೆಯಲ್ಲಿ ಸತ್ತವನ ಪ್ರಮಾಣಪತ್ರ ಪುಣೆಯಲ್ಲೇ ಸಿಗಬೇಕು, ಹೈದರಾಬಾದಿನಲ್ಲಿ ಸತ್ತವನದು ಅಲ್ಲಿ. ಹೆಣ ಊರಿಗೆ ತರುವ ಗಡಿಬಿಡಿಯಲ್ಲಿ ಆ ಕಾಗದ ಯಾರಿಗೆ ನೆನಪಿರುತ್ತದೆ? ವರ್ಷ ಕಳೆದ ಮೇಲೆ ಮತ್ತೆ ಯಾರನ್ನೋ ಕಳಿಸಿ, ಊಟ, ಬಸ್ ಚಾರ್ಜು ಕೊಟ್ಟು ತರಿಸಬೇಕು. ಮಗುವಿನ ಹೆಸರು ತಂದೆಯ ಊರಿನ ರೇಷನ್ ಕಾರ್ಡಿನಲ್ಲಿದ್ದರೆ ಅಲ್ಲಿ ತೆಗೆಸಿ ಇಲ್ಲಿ ಸೇರಿಸಬೇಕು. ಜಾತಿ ಪ್ರಮಾಣಪತ್ರ ಬರುವುದು ತಂದೆಯ ಕಡೆಯಿಂದ. ಕಲ್ಯಾಣ ಕರ್ನಾಟಕದ ಮಗುವಿಗೆ ಮುಂದೆ ಕಾಲೇಜಿಗೂ ಕೆಲಸಕ್ಕೂ ಆಧಾರವಾಗುವ 371ಜೆ ಪ್ರಮಾಣಪತ್ರಕ್ಕೂ ಹೆತ್ತವರ ದಾಖಲೆ ಕೇಳುತ್ತಾರೆ. ಅಳಿಯನ ಮನೆಯವರೊಂದಿಗೆ ಮಾತು ಬಿಟ್ಟ ಆಯಿ ಅದನ್ನು ಎಲ್ಲಿಂದ ತರಬೇಕು? ಇಷ್ಟಾದ ಮೇಲೆ ಬ್ಯಾಂಕಿನ ಬೆರಳಚ್ಚಿನ ಯಂತ್ರ. ಐವತ್ತು ವರ್ಷ ಕಳೆ ತೆಗೆದು, ಜೋಳ ಕೊಯ್ದು ಸವೆದ ಹೆಬ್ಬೆರಳನ್ನು ಆ ಯಂತ್ರ ಗುರುತಿಸುವುದಿಲ್ಲ. ಸೀರೆಗೆ ಒರೆಸಿ ಇಡುತ್ತಾರೆ, ತಲೆಗೂದಲಿಗೆ ತಿಕ್ಕಿ ಇಡುತ್ತಾರೆ. ನಾಲ್ಕನೇ ಸಲಕ್ಕೆ ಬಂದರೆ ಬಂತು.

ಇನ್ನೂ ಒಂದು ಗಂಟು ಇದೆ, ಅದನ್ನು ಬಾಯಿ ಬಿಟ್ಟು ಹೇಳುವುದೂ ಕಷ್ಟ. ಬಗದಲ್ಲಿನ ಆಯಿಯ ಮಗಳು, ಅಂದರೆ ಹುಡುಗನ ತಾಯಿ, ಬದುಕಿದ್ದಾಳೆ. ಗಂಡ ಸತ್ತ ಎರಡು ವರ್ಷಕ್ಕೆ ಬೇರೆ ಕಡೆ ಉಡಿಕಿಯಾಗಿ ಹೋದಳು. ಹೊಸ ಮನೆಯವರು ಮಗುವನ್ನು ಕರೆಸಿಕೊಳ್ಳಲಿಲ್ಲ. “ತಾಯಿ ಅದಾಳಲ್ಲ, ನಿಮಗ್ಯಾಕ್ ಕೊಡಬೇಕು?” ಎಂದು ಒಂದು ಕಚೇರಿಯಲ್ಲಿ ಆಯಿಗೆ ಕೇಳಿದರಂತೆ. ತಾಯಿ ಸತ್ತ ಮೇಲೆ ತಂದೆ ಚಿಕ್ಕಪ್ಪ ಎಂಬ ಗಾದೆ ನಮ್ಮಲ್ಲಿದೆ. ತಂದೆ ಸತ್ತ ಮೇಲೆ ತಾಯಿಗೆ ಉಳಿಯುವ ದಾರಿಗಳೆಷ್ಟು ಎಂದು ಹೇಳುವ ಗಾದೆ ಇಲ್ಲ. ಇಪ್ಪತ್ತನಾಲ್ಕರ ಆ ಹುಡುಗಿಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಆದರೆ ಹೆತ್ತವರಿಬ್ಬರೂ ಸತ್ತಿದ್ದರೆ ಮಾತ್ರ ಮಗು ಅನಾಥ ಎಂಬ ಲೆಕ್ಕ ಬದುಕಿಗೆ ಹೊಂದುವುದಿಲ್ಲ. ಕಾಯ್ದೆಯೇ ಅಷ್ಟು ಬಿಗಿಯಾಗಿಲ್ಲ: ಹೆತ್ತವರಿದ್ದೂ ಸಾಕಲಾಗದ ಮಗುವೂ ಪಾಲನೆ ಮತ್ತು ರಕ್ಷಣೆ ಬೇಕಾದ ಮಗುವೇ. ಅದನ್ನು ಕೌಂಟರಿನಲ್ಲಿ ನಿಂತು ಹೇಳಲು ಆಯಿಯ ಜೊತೆ ಓದು ಬಲ್ಲ ಒಬ್ಬರಿರಬೇಕು, ಅಷ್ಟೇ. ಅವತ್ತು ಅಂಗನವಾಡಿ ಟೀಚರು ಜೊತೆಗೆ ಹೊರಟಿದ್ದರು. ತಮ್ಮ ರಜೆ ಹಾಕಿ.

ಔರಾದ್ ಕಡೆಗೆ ಹೋದರೆ ಇದಕ್ಕೆ ಗಡಿಯ ತೊಡಕೂ ಸೇರುತ್ತದೆ. ಉದಗೀರ, ದೇಗಲೂರಿಗೆ ಹೆಣ್ಣು ಕೊಡುವುದು ತರುವುದು ಅಲ್ಲಿ ದಿನನಿತ್ಯದ ಮಾತು. ಮಹಾರಾಷ್ಟ್ರದಲ್ಲಿ ಬಾಲಸಂಗೋಪನ ಎಂಬ ಯೋಜನೆ ಹಲವು ವರ್ಷಗಳಿಂದ ಇದೆ. ಈಗ ಅದಕ್ಕೆ ಸಾವಿತ್ರಿಬಾಯಿ ಫುಲೆ ಅವರ ಹೆಸರು, ತಿಂಗಳಿಗೆ 2,250 ರೂಪಾಯಿ. ಅಲ್ಲಿ ಹುಟ್ಟಿದ ಮಗು ತಂದೆ ತಾಯಿ ಕಳೆದುಕೊಂಡು ಔರಾದಿನ ಮುತ್ಯಾನ ಮನೆಗೆ ಬಂದರೆ ಆಧಾರ್ ಆ ರಾಜ್ಯದ್ದು, ಶಾಲೆಯ ದಾಖಲೆ ಮರಾಠಿಯದ್ದು, ಇರುವುದು ಇಲ್ಲಿ. ಮಗುವನ್ನು ಬೀದರಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಮ್ಮೆ ಹಾಜರುಪಡಿಸಿ ಆದೇಶ ಪಡೆದರೆ ಮುಂದಿನ ಎಷ್ಟೋ ಕೆಲಸ ಸುಲಭ. ಸಮಿತಿಯೆಂದರೆ ಕೋರ್ಟು, ಮಗುವನ್ನು ಕಿತ್ತುಕೊಂಡು ಬಾಲಮಂದಿರಕ್ಕೆ ಹಾಕುತ್ತಾರೆ ಎಂಬ ಭಯದಿಂದ ಜನ ಅಲ್ಲಿಗೆ ಹೋಗುವುದೇ ಇಲ್ಲ. ವಾಸ್ತವದಲ್ಲಿ ಕಾಯ್ದೆಯ ಮೂಲ ತತ್ತ್ವವೇ ಬೇರೆ: ಸಂಸ್ಥೆಗೆ ಸೇರಿಸುವುದು ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ.

ಭಾಲ್ಕಿಯ ಹಿರೇಮಠ ಸಂಸ್ಥಾನದ ಹೆಸರೆತ್ತದೆ ಈ ಜಿಲ್ಲೆಯಲ್ಲಿ ದಿಕ್ಕಿಲ್ಲದ ಮಕ್ಕಳ ಮಾತು ಪೂರ್ತಿಯಾಗುವುದಿಲ್ಲ. ನಿಜಾಮರ ಕಾಲದಲ್ಲಿ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಮಠ ಅದು. ಅವರ ನಂತರ ಪೀಠಕ್ಕೆ ಬಂದ ಡಾ. ಬಸವಲಿಂಗ ಪಟ್ಟದ್ದೇವರು, ಹೆತ್ತವರು ಬಿಟ್ಟುಹೋದ ಎಳೆಗೂಸುಗಳನ್ನು ಮಠಕ್ಕೆ ತಂದು ಬೆಳೆಸಿದರು, ಓದಿಸಿದರು. ಜಾತಿ ಗೊತ್ತಿಲ್ಲದ ಕೂಸನ್ನು ಮನೆಯೊಳಗೆ ತರಲು ಜನ ಹಿಂಜರಿಯುವ ಕಡೆ ಒಬ್ಬ ಸ್ವಾಮಿಗಳು ತೊಟ್ಟಿಲು ಕಟ್ಟಿದ್ದು ಸಣ್ಣ ಸಂಗತಿಯಲ್ಲ. ಬಸವಕಲ್ಯಾಣದ ನೆಲದಲ್ಲಿ ಅದಕ್ಕೊಂದು ಬೇರೆಯೇ ತೂಕವಿದೆ.

ಹಾಗಿದ್ದೂ ಮಠವಾಗಲಿ, ಮಿಷನ್ ಹಾಸ್ಟೆಲಾಗಲಿ, ಯತೀಮಖಾನೆಯಾಗಲಿ, ಬಾಲಮಂದಿರವಾಗಲಿ ಎಲ್ಲ ಮಕ್ಕಳಿಗೂ ಮನೆಯಾಗಲಾರವು, ಆಗಬೇಕಾಗಿಯೂ ಇಲ್ಲ. ರೊಮೇನಿಯಾದ ಬುಖಾರೆಸ್ಟ್ ನಗರದಲ್ಲಿ ಈ ಶತಮಾನದ ಆರಂಭದಲ್ಲಿ ವಿಜ್ಞಾನಿಗಳು ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದರು. ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಕೊಡಲಾಯಿತು, ಉಳಿದವರಿಗೆ ಸಂಸ್ಥೆಯ ಆರೈಕೆಯೇ ಮುಂದುವರಿಯಿತು. ಮನೆಗೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆ ಸ್ಪಷ್ಟವಾಗಿ ಮುಂದಿತ್ತು. ಎರಡು ವರ್ಷ ತುಂಬುವ ಮೊದಲೇ ಹೋದವರಲ್ಲಿ ಇನ್ನೂ ಹೆಚ್ಚು. ಅನಾಥಾಲಯದಲ್ಲೂ ಹಾಲಿತ್ತು, ಹಾಸಿಗೆಯಿತ್ತು. ಅತ್ತರೆ ಅದೇ ಮುಖ ಮತ್ತೆ ಬಂದು ಎತ್ತಿಕೊಳ್ಳುವ ಭರವಸೆ ಇರಲಿಲ್ಲ.

ನಮ್ಮ ಪಕ್ಕದಲ್ಲೇ ಆದದ್ದನ್ನು ನೆನೆಯಿರಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಬೀದರಿನಲ್ಲೂ ಜನ ಅಂಗಳಕ್ಕೆ ಓಡಿ ಬಂದಿದ್ದರು. ಸುಮಾರು ಹತ್ತು ಸಾವಿರ ಜನ ಸತ್ತರು. ಭಾರತೀಯ ಜೈನ ಸಂಘಟನೆ ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು ಓದಿಸಿತು. ಅದು ದೊಡ್ಡ ಕೆಲಸ, ಊರೇ ನೆಲಸಮವಾಗಿದ್ದಾಗ ಬೇರೆ ದಾರಿಯೂ ಇರಲಿಲ್ಲ. ಬಗದಲ್ಲಿನಂಥ ಊರು ನಿಂತೇ ಇದೆ. ಓಣಿ ಇದೆ, ಶಾಲೆ ಇದೆ, ಆಯಿ ಇದ್ದಾರೆ. ಇಲ್ಲಿಂದ ಮಗುವನ್ನು ಕೀಳುವುದಕ್ಕಿಂತ ಇಲ್ಲಿರುವುದಕ್ಕೆ ಆಸರೆ ಕೊಡುವುದು ಸುಲಭ, ಅಗ್ಗ, ಮಗುವಿಗೂ ಹಿತ.

ಬಂಧುಗಳೇ ಇಲ್ಲದ ಮಕ್ಕಳಿಗಾಗಿ ಪೋಷಕತ್ವದ ಬಾಗಿಲು ಈಗ ಮೊದಲಿಗಿಂತ ಅಗಲವಾಗಿದೆ. 2016ರ ಮಾದರಿ ಮಾರ್ಗಸೂಚಿಗಳನ್ನು ಕೇಂದ್ರ ಸರ್ಕಾರ 2024ರಲ್ಲಿ ಪರಿಷ್ಕರಿಸಿತು. ಅಲ್ಲಿಯವರೆಗೆ ದಂಪತಿಗೆ ಮಾತ್ರ ಇದ್ದ ಅವಕಾಶ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಸಿಕ್ಕಿತು. ಒಂಟಿ ಹೆಣ್ಣು ಗಂಡುಮಗುವನ್ನಾಗಲಿ ಹೆಣ್ಣುಮಗುವನ್ನಾಗಲಿ ಸಾಕಬಹುದು, ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ಕೊಡುವುದಿಲ್ಲ. ಎರಡು ವರ್ಷ ಸಾಕಿದ ಮೇಲೆ ಅದೇ ಮಗುವನ್ನು ದತ್ತು ಕೇಳಬಹುದು, ಮೊದಲು ಐದು ವರ್ಷ ಕಾಯಬೇಕಿತ್ತು. ಬಾಲಮಂದಿರಗಳಲ್ಲಿ ಆರು ದಾಟಿದ, ಯಾರೂ ದತ್ತು ಕೇಳದ ಮಕ್ಕಳಿರುತ್ತಾರಲ್ಲ, ಇದು ಅವರಿಗಾಗಿ. ಮಕ್ಕಳು ದೊಡ್ಡವರಾಗಿ ಬೆಂಗಳೂರಿಗೆ ಹೋದ ಮೇಲೆ ಖಾಲಿ ಮನೆಯಲ್ಲಿರುವ ದಂಪತಿ, ಮದುವೆಯಾಗದೆ ಉಳಿದ ಶಾಲಾ ಶಿಕ್ಷಕಿ ಬೀದರ್ ನಗರದಲ್ಲಿ ಎಷ್ಟೋ ಜನ ಇದ್ದಾರೆ. ಅವರಲ್ಲಿ ಹಲವರಿಗೆ ಈ ದಾರಿ ಇದೆಯೆಂದೇ ಗೊತ್ತಿಲ್ಲ.

ಬೀದರಿನ ಮುಸ್ಲಿಂ ಮನೆಗಳಿಗಂತೂ ಈ ದಾರಿ ಹೇಳಿ ಮಾಡಿಸಿದಂತಿದೆ. ದತ್ತು ಪಡೆದು ಮಗುವಿನ ತಂದೆಯ ಹೆಸರು ಬದಲಿಸುವುದನ್ನು ಅವರ ಧರ್ಮಶಾಸ್ತ್ರ ಒಪ್ಪುವುದಿಲ್ಲ. ಯತೀಮ್ ಮಗುವಿನ ಹೊಣೆ ಹೊತ್ತು ಸಾಕುವುದಕ್ಕೆ, ಕಫಾಲತ್ತಿಗೆ, ದೊಡ್ಡ ಪುಣ್ಯ ಹೇಳುತ್ತದೆ. ಪ್ರವಾದಿಯವರೇ ಎಳವೆಯಲ್ಲಿ ಸಾಕುತಾಯಿ ಹಲೀಮಾ ಅವರ ಬಳಿ ಬೆಳೆದವರು. ಬಾಲ ನ್ಯಾಯ ಕಾಯ್ದೆಯಡಿ ಯಾವ ಧರ್ಮದವರಾದರೂ ದತ್ತು ಪಡೆಯಬಹುದು ಎಂದು 2014ರಲ್ಲಿ ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಬೇಕಾದವರು ಆ ದಾರಿ ಹಿಡಿಯಬಹುದು. ಬೇಡವಾದವರಿಗೆ ಮಗುವಿನ ಹೆಸರು, ವಂಶ ಮುಟ್ಟದ ಪೋಷಕತ್ವ ಇದೆ.

ಎಚ್ಚರಿಕೆಯ ಎರಡು ಮಾತನ್ನೂ ಹೇಳಬೇಕು. ಬಸ್ ನಿಲ್ದಾಣದಲ್ಲಿ, ಮುಳ್ಳುಕಂಟಿಯಲ್ಲಿ ಕೂಸು ಸಿಕ್ಕರೆ “ದೇವರು ಕೊಟ್ಟ” ಎಂದು ಮನೆಗೆ ಕೊಂಡೊಯ್ಯುವುದು, ಆಸ್ಪತ್ರೆಯಲ್ಲೇ ಬಾಯಿಮಾತಿನಲ್ಲಿ ಕೂಸು ಕೊಟ್ಟು ತೆಗೆದುಕೊಳ್ಳುವುದು ಅಪರಾಧ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು, 24 ಗಂಟೆಯೊಳಗೆ ಮಗು ಸಮಿತಿಯ ಮುಂದೆ ಬರಬೇಕು. ಸಿಕ್ಕ ಮಗುವಿನ ಸುದ್ದಿ ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಸಾಕುತ್ತೇವೆಂದು ಕರೆತಂದ ಮಗು ಆಡು ಕಾಯುತ್ತ, ಹೋಟೆಲಿನಲ್ಲಿ ಲೋಟ ತೊಳೆಯುತ್ತ ಇರುವುದನ್ನು ನಾವೆಲ್ಲ ನೋಡಿದ್ದೇವೆ, ನೋಡಿಯೂ ಸುಮ್ಮನೆ ಚಹಾ ಕುಡಿದು ಎದ್ದು ಬಂದಿದ್ದೇವೆ. ತಿಂಗಳಿಗೊಮ್ಮೆ ಸಮಿತಿಯವರು ಬಂದು ನೋಡುವುದು ಇಂಥದ್ದಕ್ಕೇ. ಮನೆಯವರಿಗೆ ಅದು ಅವಮಾನ ಅನಿಸಬಾರದು.

ಹಣ, ಕಾಗದ ಎರಡೂ ಸರಿಹೋದ ಮೇಲೂ ಉಳಿಯುವುದು ಸಾಕುವವರ ದಣಿವು. ಅರವತ್ತೆಂಟರ ಆಯಿಗೆ ಎಂಟರ ಹುಡುಗ. ಅವನು ರಾತ್ರಿ ಜ್ವರದಲ್ಲಿ ಅಪ್ಪನನ್ನು ಕರೆಯುತ್ತಾನೆ, ಸಿಟ್ಟು ಬಂದರೆ ತಾಟು ಎಸೆಯುತ್ತಾನೆ. ಇದು ಹಟವಲ್ಲ, ದುಃಖ ಎಂದು ಆಯಿಗೆ ಹೇಳಿಕೊಟ್ಟವರಿಲ್ಲ. ಶಾಲೆ ಇದ್ದ ದಿನ ಬಿಸಿಯೂಟ, ಮೊಟ್ಟೆ ಅಲ್ಲೇ ಆಗುತ್ತದೆ. ಬೇಸಿಗೆ ರಜೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಆ ಬಿಸಿಲಲ್ಲಿ ಅವನ ಹಿಂದೆ ಓಡುವವರು ಯಾರು? ತಾನು ಹೋದರೆ ಇವನ ಗತಿಯೇನು ಎಂಬ ಯೋಚನೆಯಲ್ಲೇ ಆಯಿಗೆ ನಿದ್ದೆ ಬರುವುದಿಲ್ಲ.

ಅಮೆರಿಕದ ಸಿಯಾಟಲ್‌ನಲ್ಲಿ 2004ರಲ್ಲಿ ಶುರುವಾದ ಮಾಕಿಂಗ್‌ಬರ್ಡ್ ಎಂಬ ಪದ್ಧತಿಯಲ್ಲಿ ಅನುಭವವಿರುವ ಒಂದು ಮನೆಯನ್ನು ನಡುಮನೆಯಾಗಿ ಆರಿಸುತ್ತಾರೆ. ಸುತ್ತ ಆರರಿಂದ ಹತ್ತು ಪೋಷಕ ಮನೆಗಳು. ಯಾರಿಗಾದರೂ ಆಸ್ಪತ್ರೆಗೆ ಹೋಗಬೇಕೆಂದರೆ, ಎರಡು ದಿನ ಸುಧಾರಿಸಿಕೊಳ್ಳಬೇಕೆಂದರೆ ಮಕ್ಕಳು ನಡುಮನೆಯಲ್ಲಿ ಉಳಿಯುತ್ತಾರೆ. ಅದು ಅವರಿಗೆ ಗೊತ್ತಿರುವ ಮನೆಯೇ ಆದ್ದರಿಂದ ಹೆದರುವುದಿಲ್ಲ. 2015ರಿಂದ ಇಂಗ್ಲೆಂಡಿನಲ್ಲೂ ಇದು ನಡೆದಿದೆ. ಓದಿದಾಗ ನನಗೆ ಅನಿಸಿದ್ದು, ನಮ್ಮ ಓಣಿಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆಯಲ್ಲ. 2000ದಿಂದ ಈಚೆಗೆ ಬೆಳೆದ ಸ್ತ್ರೀಶಕ್ತಿ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ, ಲೆಕ್ಕ ಬರೆಯುತ್ತವೆ, ಯಾರ ಮನೆಯಲ್ಲಿ ಏನು ಎಂಬುದು ಅವರಿಗೆ ಗೊತ್ತು. ಆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಊರಿನಲ್ಲಿ ಹೆತ್ತವರಿಲ್ಲದೆ ಬೆಳೆಯುವ ಮಕ್ಕಳ ಹೆಸರು, ಸಾಕುವವರ ಹೆಸರು, ಬಾಕಿ ಇರುವ ಕಾಗದ ಯಾವುದು ಎಂದು ಬರೆದಿಟ್ಟರೆ? ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ಅದರಲ್ಲಿ ಶೌಚಾಲಯ, ಆಟದ ಮೈದಾನದ ಬೇಡಿಕೆಗಳ ಜೊತೆ ಈ ಪಟ್ಟಿಯನ್ನೂ ಓದಿದರೆ, ಪಿಡಿಒ ಒಂದು ಪತ್ರದಲ್ಲಿ ಅದನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸಬಹುದು. ಆಗ ಆಯಿ ಚೀಲ ಹಿಡಿದು ಬೀದರಿಗೆ ಹೋಗುವ ಬದಲು ಬೀದರಿನವರೇ ಒಮ್ಮೆ ಬಗದಲ್ಲಿಗೆ ಬರುತ್ತಾರೆ.

ಆ ಹುಡುಗನ ಓಣಿಯಲ್ಲಿ ಇದರ ಅರ್ಧ ಆಗಲೇ ನಡೆದಿದೆ. ಎದುರು ಮನೆಯ ಸೊಸೆ ತನ್ನ ಮಗಳ ಜೊತೆ ಇವನನ್ನೂ ಕೂರಿಸಿಕೊಂಡು ಮಗ್ಗಿ ಹೇಳಿಸುತ್ತಾಳೆ. ಆಯಿಗೆ ಮಂಡಿ ನೋವು ಹೆಚ್ಚಾದ ದಿನ ಅವನ ಊಟ, ನಿದ್ದೆ ಅಲ್ಲೇ. ಕ್ಷೌರಿಕ ಹುಡುಗನ ಕೂದಲು ಕತ್ತರಿಸಿ ದುಡ್ಡು ಕೇಳುವುದಿಲ್ಲ. ಇದನ್ನು ಯಾರೂ ಸಹಾಯ ಎಂದು ಕರೆದದ್ದು ನಾನು ಕೇಳಿಲ್ಲ.

ಎಳ್ಳಮಾಸಿಯ ದಿನ ಅವರ ಜೊತೆ ಹೊಲಕ್ಕೆ ಹೋಗಿದ್ದೆ. ಆಯಿಗೆ ಸ್ವಂತ ಹೊಲ ಇಲ್ಲ. ಎದುರು ಮನೆಯವರು ಹಿಂದಿನ ದಿನವೇ ಬಂದು ಕರೆದು ಹೋಗಿದ್ದರು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಗಡಿಗೆಯಲ್ಲಿ ಅಂಬಲಿ. ಪೂಜೆ ಮುಗಿದ ಮೇಲೆ ಯಜಮಾನರು ಚರಗ ಚೆಲ್ಲಲು ಎದ್ದರು. ಹಿಂದೆ ನೀರಿನ ತಂಬಿಗೆ ಹಿಡಿದು ನಡೆಯಲು ಮನೆಯ ಮಕ್ಕಳೆಲ್ಲ ನಾನು ತಾನು ಎನ್ನುತ್ತಿದ್ದರು. ಅವರು ತಿರುಗಿ ನೋಡಿ ಈ ಹುಡುಗನ ಹೆಸರು ಹಿಡಿದು ಕೂಗಿದರು. ಅವನು ಆಯಿಯ ಮುಖ ನೋಡಿದ. ಆಯಿ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು “ಹೋಗೋ, ನೀರ್ ಚೆಲ್ಲಬ್ಯಾಡ” ಎಂದರು. ಕಡಲೆಯ ಸಾಲುಗಳ ನಡುವೆ ಎರಡೂ ಕೈಯಿಂದ ತಂಬಿಗೆ ಹಿಡಿದು ಅವನು ಹೊಲದ ನಾಲ್ಕೂ ಬದು ಸುತ್ತಿ ಬಂದ. ಅಂಗಿಯ ಮುಂಭಾಗವೆಲ್ಲ ಒದ್ದೆಯಾಗಿತ್ತು.